ಬಾವಿ ಮನೆಯ ಕರಿ ಹೇಂಟೆ

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆಗಿದ್ದು. ಆಸ್ಪತ್ರೆಯಲ್ಲಿ ನರ್ಸು.

ಅವತ್ತು ಎರಡನೇ ಪಾಳಿ ಮುಗಿಸಿ ಅಕ್ಕ ನಡೆದು ಬರುವಾಗ ಹತ್ತೂವರೆ ದಾಟಿತ್ತು. ಕಾಲು ದಾರಿಯಲ್ಲಿ, ಜೀವ ಹಿತ್ತಲಿನ ಕೋಳಿಗೂಡಿನಲ್ಲಿ. ಒಂದೇ ತಿಂಗಳಲ್ಲಿ ಕಾಡುಬೆಕ್ಕು ಮೂರು ಕೋಳಿ ಹೊತ್ತೊಯ್ದಿತ್ತು. ಗೂಡಿಗೆ ಸಣ್ಣ ಕಣ್ಣಿನ ತಂತಿ ಬಲೆ ಬಿಗಿದಾಯಿತು, ತೋಡದ ಹಾಗೆ ಸುತ್ತ ಕಲ್ಲು ಹೂತದ್ದಾಯಿತು. ಉಳಿದದ್ದು ಆರು. ಏಳನೆಯದು, ಬಾವಿ ಮನೆ ಅಜ್ಜಿ ತೀರಿಕೊಂಡ ಮೇಲೆ ದಿಕ್ಕಿಲ್ಲದೆ ಉಳಿದ ಕರಿ ಹೇಂಟೆ. ಅಕ್ಕನೇ ಎತ್ತಿಕೊಂಡು ಬಂದಿದ್ದಳು.

ಹಳೆಯವಕ್ಕೆ ಅದನ್ನು ಕಂಡರೆ ಆಗದು. ನೆತ್ತಿಯಲ್ಲಿ ರಕ್ತ ಬರುವಂತೆ ಕುಕ್ಕುತ್ತಿದ್ದವು. ಎರಡು ವಾರ ಬಲೆಯಾಚೆ ಇಟ್ಟು ಮುಖ ರೂಢಿ ಮಾಡಿಸಿದಳು. ಆ ಸಂಜೆ ಕತ್ತಲಾದ ಮೇಲೆ ಒಟ್ಟಿಗೆ ಕೂರಿಸಲು ಅತ್ತೆಗೆ ಹೇಳಿ ಹೋಗಿದ್ದಳು.

ಬಾವಿ ಬಂತು. ಅಜ್ಜಿ ಮನೆಗೆ ಬೀಗ. ಒಂದು ಎಲೆಯೂ ಅಲುಗುತ್ತಿಲ್ಲ...

"ಬಾ... ಬಾ ಬಾ ಬಾ..."

ಯಾರೋ ಕೋಳಿ ಕರೆಯುತ್ತಿದ್ದರು. ನಡುನಡುವೆ ನಾಲಿಗೆಯಲ್ಲಿ ಟಕ್, ಟಕ್.

"ಯಾರದು?"

ಸದ್ದು ಮುಂದೆ ಹೋಯಿತು. ಇವಳ ಮನೆ ಕಡೆಗೇ... ಅಕ್ಕ ಓಡಿದಳು.

ಅಡುಗೆಮನೆ ಬಾಗಿಲಲ್ಲಿ ಅತ್ತೆ ದೀಪ ಹಾಕದೆ ನಿಂತಿದ್ದರು. ಪಿಸುಗುಟ್ಟಿದರು.

"ಮತ್ತೆ ಹೊರಗೆ ಯಾಕೆ ಹೋದೆ?"

"ಈಗ ತಾನೇ ಬರ್ತಿದ್ದೀನಿ, ಅತ್ತೆ."

"ಹಾಗಾದ್ರೆ... ಹಿತ್ತಲಲ್ಲಿ ಕೋಳಿ ಎಣಿಸಿದ್ದು ಯಾರು? ಏಳರ ತನಕ ಕೇಳಿಸ್ತು ಕಣೇ."

"ಗೂಡಿನ ಬಾಗಿಲು ಹಾಕಿದ್ರಾ?"

"ಮರೆತೆ. ನೆನಪಾಗಿಯೇ ಎದ್ದೆ... ನೀನೇ ಎಣಿಸ್ತಿದ್ದೀಯ ಅಂತ ಇಲ್ಲೇ ನಿಂತೆ."

ಟಾರ್ಚ್ ಹಿಡಿದು ಇಬ್ಬರೂ ಇಳಿದರು. ಗೂಡಿನ ಮುಂದೆ ಕಾಡುಬೆಕ್ಕು ಬಿದ್ದಿತ್ತು. ಸತ್ತಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಒಳಗೆ ಒಂದೇ ಗಳುವಿನ ಮೇಲೆ ಏಳೂ ಕೂತಿದ್ದವು. ನಡುವೆ ಕರಿ ಹೇಂಟೆ, ಆಚೆ ಈಚೆ ಹಳೆಯವು ಮೈಗೆ ಮೈ ಒತ್ತಿಕೊಂಡು. ಕುರ್... ಕುರ್... ಅಷ್ಟೇ ಸದ್ದು.

ಬಾಗಿಲು ಮುಚ್ಚಿತ್ತು. ಅಕ್ಕ ಎಳೆದಳು, ಬರಲಿಲ್ಲ. ಬೆಳಕು ಹತ್ತಿರ ಹಿಡಿದಳು. ಚೌಕಟ್ಟಿಗೆ ತಂತಿ ಮೂರು ಸುತ್ತು ಸುತ್ತಿ, ತುದಿ ತಿರುಚಿ ಬಿಗಿದಿತ್ತು.

ಒಳಗಡೆಯಿಂದ.

ಬೆಳಿಗ್ಗೆ ಹಿಂದಿನ ಹಲಗೆ ಕಿತ್ತು, ಒಳಗೆ ತೂರಿ, ಇಕ್ಕಳದಲ್ಲಿ ಆ ತಂತಿ ಕತ್ತರಿಸಿದವನು ನಾನೇ. ಆ ಬಲೆಯ ಕಣ್ಣಲ್ಲಿ ನನ್ನ ಕಿರುಬೆರಳೂ ತೂರುತ್ತಿರಲಿಲ್ಲ.