ಮಾಡದ ಗೊಂಬೆಗಳ ನೆರಳು

ಅಧ್ಯಕ್ಷರಾದ ಮನ್ಸೂರಅಲಿ ಸರ್ ಅವರೇ, ಶಹಾಪುರ, ಯಾದಗಿರಿಗಳಿಂದ ಬಸ್ಸು ಬದಲಿಸಿ ಬಂದಿರುವ ಅತಿಥಿಗಳೇ, ನನ್ನ ಕೈಯಿಂದ ಏಟು ತಿಂದೂ ಹಾರ ತಂದಿರುವ ಹಳೆಯ ವಿದ್ಯಾರ್ಥಿಗಳೇ, ಸುರಪುರದ ಸಭಿಕರೇ,

ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ಇಂದು ನಿವೃತ್ತನಾಗುತ್ತಿದ್ದೇನೆ. ಬೆರಳುದ್ದದ ಮಣ್ಣಿನ ಗೊಂಬೆಗೆ ಬಣ್ಣ ಹಾಕುವುದರಲ್ಲಿ ಬಾಲರಾಜ ಮಾಸ್ತರರ ಕೈ ಯಾರಿಗೂ ಬರುವುದಿಲ್ಲ ಎಂದು ನನಗಿಂತ ಮೊದಲು ಮಾತನಾಡಿದವರೆಲ್ಲ ಹೇಳಿದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಹೊಗಳಿಕೆ ಯಾರಿಗೆ ಬೇಡ? ಆದರೆ ಆ ವಿದ್ಯೆ ನನ್ನದಲ್ಲ. ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ತಾಯಿಯ ತಂಗಿ, ಚಿಗವ್ವ ಸಾಯಬಮ್ಮನದು.

ನೆರಳಿಗೆ ಯಾವ ಬಣ್ಣ? ಕಪ್ಪು ಎನ್ನುತ್ತೀರಿ. ಎಂಟು ವರ್ಷದವನಿದ್ದಾಗ ನಾನೂ ಗೊಂಬೆಯ ಕೆನ್ನೆಗೆ ಕಪ್ಪು ಬಳಿದಿದ್ದೆ. “ನೆಳ್ಳು ಕಪ್ಪಿರಂಗಿಲ್ಲ ತಮ್ಮಾ, ಮಾರಿಗಿ ಮಸಿ ಹತ್ತಿದಂಗ ಕಾಣ್ತದ” ಎಂದಳು ಚಿಗವ್ವ. ಹಳದಿ ಮೈಯ ಗೊಂಬೆಗೆ ಕಾವಿಯ ನೆರಳು. ಕೆಂಪು ಸೀರೆಯ ನೆರಿಗೆಗೆ ಚೂರು ನೀಲಿ ಬೆರೆಸಿದ ಕೆಂಪು. ಬೆಳಕಿಗೂ ಬರೀ ಬಿಳಿ ಕೂಡದು. ಮೈಬಣ್ಣಕ್ಕೇ ಬಿಳಿ, ಹಳದಿ ಸೇರಿಸಬೇಕು, ಇಲ್ಲವಾದರೆ ಗೊಂಬೆ ವಿಭೂತಿ ಬಳಿದುಕೊಂಡಂತಾಗುತ್ತದೆ. ಕುಂಚ ಅಳಿಲಿನ ಬಾಲದ ಕೂದಲಿನದು. ಆ ದಿನಗಳಲ್ಲಿ ಓಣಿಯ ಅಳಿಲುಗಳು ನನ್ನನ್ನು ಕಂಡರೆ ಬೇವಿನ ಮರ ಹತ್ತುತ್ತಿದ್ದವು.

ಗೌರಿ ಹುಣ್ಣಿಮೆಗೆ ನಮ್ಮ ಓಣಿಯಲ್ಲಿ ಈ ಗೊಂಬೆಗಳನ್ನು ಗೋಡೆಯ ಮಾಡದಲ್ಲಿ, ಅಂದರೆ ಗೋಡೆಯೊಳಗಿನ ಗೂಡಿನಲ್ಲಿಟ್ಟು, ಅವುಗಳ ಕಾಲ ಬಳಿ ಹಣತಿ ಹಚ್ಚುತ್ತಿದ್ದರು. ಬೆಳಕು ಕೆಳಗಿನಿಂದ ಬರುತ್ತಿತ್ತು. ಆದ್ದರಿಂದ ಚಿಗವ್ವ ಗದ್ದದ ಕೆಳಗೆ ಬೆಳಕಿನ ಬಣ್ಣ ಇಡುತ್ತಿದ್ದಳು, ಹಣೆಗೆ ನೆರಳಿನ ಬಣ್ಣ. ಯಾರು ಕಲಿಸಿದ್ದರು? ಯಾರೂ ಅಲ್ಲ. ಹಣತಿ ಇಟ್ಟು ನೋಡಿ ಕಲಿತಿದ್ದಳು.

ನಾನು ಕಲಬುರಗಿಗೆ ಹೋಗಿ ಕಲಿತವನು. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ಅಲ್ಲಿ ಬರೆಸಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಯಾದಗಿರಿಯ ಒಂದು ಪ್ರದರ್ಶನಕ್ಕೆ ಚಿಗವ್ವನ ಐದು ಗೊಂಬೆ ಒಯ್ದೆ. ಹಿಂದಿನ ದಿನ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಐದೂ ಮುಖ ತಲೆಕೆಳಗಾದಂತೆ ಕಂಡವು. ಡ್ರಾಯಿಂಗ್ ಮಾಸ್ತರನ ಚಿಗವ್ವನಿಗೆ ಇಷ್ಟೂ ತಿಳಿಯದೇ ಎಂದು ಜನ ನಕ್ಕಾರೆಂದು ನಾಚಿಕೆಯಾಯಿತು. ಅಲ್ಲೇ ಕುಳಿತು ನೆರಳು ಬೆಳಕು ಅದಲು ಬದಲು ಮಾಡಿದೆ. ಅವಳದೇ ಬಣ್ಣ, ಅವಳದೇ ಕುಂಚ. ಮೊದಲ ಬಹುಮಾನ ಬಂತು. ತಿದ್ದಿದ್ದನ್ನು ಅವಳಿಗೆ ಹೇಳಲಿಲ್ಲ.

ಆ ವರ್ಷ ಹುಣ್ಣಿಮೆಗೆ ಅವಳು ಅವೇ ಗೊಂಬೆಗಳನ್ನು ಮಾಡದಲ್ಲಿಟ್ಟು ಹಣತಿ ಹಚ್ಚಿದಳು. ಬೆಳಕು ಬಿದ್ದ ಕಡೆ ನಾನಿಟ್ಟ ನೆರಳು, ಬೆಳಕು ಮುಟ್ಟದ ಕಡೆ ನಾನಿಟ್ಟ ಹೊಳಪು. ಸೂತಕದ ಮನೆಯಲ್ಲಿ ಕುಳಿತವರಂತೆ ಐದೂ ಮುಖ ಸಪ್ಪಗಾಗಿದ್ದವು. ಚಿಗವ್ವ ಹಣತಿಯನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಬಹಳ ಹೊತ್ತು ನೋಡಿದಳು.

“ಬಾಲರಾಜ, ನನ್ನ ಕಣ್ಣು ಹೋಗ್ಯಾವಪ. ನೆಳ್ಳು ಎಲ್ಲಿ ಇಡಬೇಕಂಬೋದು ತಿಳಿವಲ್ದು.”

ನಾನು ಆಗಲೂ ಬಾಯಿ ಬಿಡಲಿಲ್ಲ. ಏನು ಮಾಡಿದೆ ಗೊತ್ತೇ? ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಿಗೆ ತಕ್ಕಂತೆ ಕಣ್ಣು ಚೆನ್ನಾಗಿಯೇ ಇವೆ ಎಂದರು ಅವರು. ಸಮಾಧಾನಕ್ಕೆ ಹಾಗೆನ್ನುತ್ತಾರೆಂದು ಚಿಗವ್ವ ನಂಬಲಿಲ್ಲ. ಅವಳ ಕುಂಚಗಳು ನನ್ನ ಮನೆಗೆ ಬಂದವು. ಅಂದಿನಿಂದ ಅವಳು ಒಂದು ಗೊಂಬೆಗೂ ಬಣ್ಣ ಹಾಕಿಲ್ಲ, ಮತ್ತು ಅಂದಿನಿಂದ ನನ್ನ ಹೆಸರು ಬೆಳೆಯಿತು.

ಸಭಿಕರೇ, ನಾನು ಬರೆದು ತಂದ ಹಾಳೆಯಲ್ಲಿ ಈ ಮಾತು ಇರಲಿಲ್ಲ. ಆದರೆ ಇಷ್ಟು ಜನರ ಮುಂದೆ ಹೊಗಳಿಸಿಕೊಂಡವನು ಇಷ್ಟೇ ಜನರ ಮುಂದೆ ಹೇಳಬೇಕಲ್ಲವೇ?

ಚಿಗವ್ವಾ, ಆ ಐದೂ ಮಾರಿ ತಿದ್ದಿದಾಂವ ನಾ. ನಿನ್ನ ಕಣ್ಣಿಗಿ ಏನೂ ಆಗಿದ್ದಿಲ್ಲ.

ಅವಳು ಎದ್ದಳು. ದಯವಿಟ್ಟು ಯಾರೂ ತಡೆಯಬೇಡಿ, ದಾರಿ ಬಿಡಿ. ಅಧ್ಯಕ್ಷರು ಕ್ಷಮಿಸಬೇಕು, ಶಾಲು ಆಮೇಲೆ ಹೊದಿಸಿರಿ, ನಾನು ಅವಳ ಹಿಂದೆ ಹೋಗಬೇಕು. ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.