ಬಾಗಿಲಿಲ್ಲದ ಮಂದಿರ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡದೆ, ಹಳೆಯ ಪ್ರಾರ್ಥನಾ ಮಂದಿರಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ಕಾಪಿಡುವ ಆ ಕಚೇರಿಯ ಕರೆಂಟನ್ನೂ ಕೊಂಡೊಯ್ದಿತ್ತು. ಮನೆಗೆ ಹೊರಡಲಾಗದ ಹುಡುಗ ಹುಡುಗಿಯರು ಕುರ್ಚಿ ಎಳೆದುಕೊಂಡು, ಸ್ಕ್ಯಾನರಿನ ಮುಕ್ಕಾಲಿಯನ್ನು ಹೆಗಲ ಮೇಲೆ ಹೊತ್ತು ಹೊತ್ತೇ ಮುದುಕರಾದ ಮುಕ್ಕಾಲಿ ತಾತನ ಸುತ್ತ ಕುಳಿತರು.

"ದೆವ್ವದ ಕತೆ ಹೇಳಿ ತಾತ," ಎಂದಳೊಬ್ಬಳು.

"ಹೇಳ್ತೀನಿ. ಆಮೇಲೆ ಮನೆವರೆಗೂ ಬಿಟ್ಟು ಬನ್ನಿ ಅಂತ ನನ್ನ ಪ್ರಾಣ ತಿನ್ನಬಾರದು," ಎಂದ ತಾತ ಕಣ್ಣು ಮುಚ್ಚಿ, ಒಮ್ಮೆ ಕೈಮುಗಿದು, ಮೆಲ್ಲಗೆ ಶುರುಮಾಡಿದರು.

"ನೀವೆಲ್ಲ ಕೆಲಸಕ್ಕೆ ಸೇರೋಕೆ ಮುಂಚಿನ ಮಾತು. ನನ್ನ ತಂಗಿಗೆ ಇಬ್ಬರು ಮಕ್ಕಳು... ದೊಡ್ಡವನು ಸ್ಕ್ಯಾನರ್ ನಡೆಸೋನು, ಅವನ ತಂಗಿ ನಿಮ್ಮ ಹಾಗೇ ಕಂಪ್ಯೂಟರಲ್ಲಿ ಮಾಡೆಲ್ ಕಟ್ಟೋಳು. ಗೋಡೆ ಕಂಬ ಎಲ್ಲ ಅಳೀತಾ ಸ್ಕ್ಯಾನರ್ ತಿರುಗೋವಾಗ ಮನುಷ್ಯರು ಅದರ ಕಣ್ಣಿಗೆ ಬೀಳಬಾರದಲ್ಲ? ಅದಕ್ಕೇ ಅವನು ಕಂಬದ ಹಿಂದೆ ಅಡಗಿಕೊಳ್ಳೋನು. 'ಏ ಡುಮ್ಮ, ಕಂಬಕ್ಕಿಂತ ನೀನೇ ದಪ್ಪ ಇದ್ದೀಯಲ್ಲೋ!' ಅಂತ ಇವಳು ನಗೋಳು. ಒಂದು ಸಲ ಒಂದು ಹಳೇ ಮಂದಿರದ ಅಳತೆಯೆಲ್ಲ ಮುಗೀತು, ಗುರುತಿಗೆ ಇಟ್ಟಿದ್ದ ಬಿಳಿ ಚೆಂಡು ಮರೆತುಬಂದಿದ್ದೀನಿ ಅಂತ ಅವನೊಬ್ಬನೇ ವಾಪಸ್ ಹೋದ ನೋಡಿ... ಚಾವಣಿ ಕುಸೀತು. ಮಂದಿರಾನೂ ಹೋಯ್ತು, ಅವನೂ ಹೋದ.

"ಅತ್ತು ಅತ್ತು ಕಣ್ಣು ಬತ್ತಿದ ಮೇಲೆ ಇವಳು ಆ ಮಂದಿರದ ಮಾಡೆಲ್ ಕಟ್ಟೋಕೆ ಕೂತಳು. ಸ್ಕ್ಯಾನರಿಗೆ ಕಾಣದ ಕಡೆ ಮಾಡೆಲಲ್ಲಿ ತೂತು ಉಳಿಯುತ್ತಲ್ಲ, ಒಂದೊಂದೇ ನೋಡಿ ನೋಡಿ ಮುಚ್ಚಬೇಕು. ಆ ಸಂಕಟದಲ್ಲಿ ಅವಳಿಗೆ ಎಲ್ಲಿತ್ತು ತಾಳ್ಮೆ? ಎಲ್ಲಾ ಮುಚ್ಚು ಅಂತ ಒಂದೇ ಸಲಕ್ಕೆ ಒತ್ತಿಬಿಟ್ಟಳು. ಮಂದಿರಕ್ಕಿದ್ದ ಒಂದೇ ಒಂದು ಬಾಗಿಲನ್ನೂ ತೂತು ಅಂದುಕೊಂಡು ಕಂಪ್ಯೂಟರ್ ಮುಚ್ಚಿಬಿಡ್ತು... ಇವಳು ನೋಡಲಿಲ್ಲ.

"ಮಾರನೇ ದಿನ ತೆರೆದರೆ, ಕಂಬದ ಹಿಂದೆ ಒಂದು ಆಕಾರ. ಅವನೇ! ಅಳಿಸೋಕೆ ಕೈ ಬರುತ್ತಾ? 'ಇರಲಿ ಬಿಡು ಮಾವ, ಇಲ್ಲಾದರೂ ಇರಲಿ' ಅಂದಳು. ಮರುದಿನ ಕಂಬ ಬಿಟ್ಟು ಈಚೆ ಬಂದಿದ್ದ. ಆಮೇಲೆ ಇನ್ನೂ ಈಚೆ... ಎಲ್ಲಿಗೆ ಹೊರಟಿದ್ದಾನೆ ಹೇಳಿ? ಮನೆಗೆ! ಬಾಗಿಲಿದ್ದ ಕಡೆ ಬಂದು, ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ತಾನೇನು ಮಾಡಿಟ್ಟಿದ್ದೀನಿ ಅಂತ ಅವಳಿಗೆ ಆಗ ಕಂಡಿತು.

"ಗೋಡೆ ಕತ್ತರಿಸಿದಳು, ಬಾಗಿಲು ಬಿಡಿಸಿದಳು, ಸೇವ್ ಮಾಡಿದಳು, ಮತ್ತೆ ತೆರೆದರೆ ಗೋಡೆ ಇದ್ದ ಹಾಗೇ ಇದೆ. ಎಷ್ಟು ಸಲ ಅಂತ! ಹೊಸದಾಗಿ ಅಳೆಯೋಣ ಅಂದರೆ ಮಂದಿರ ಎಲ್ಲಿದೆ? ಪೂರ್ತಿ ಅಳಿಸಿಬಿಡೋಣ ಅಂದರೆ... 'ಅವನೂ ಅಳಿಸಿಹೋಗ್ತಾನಲ್ಲ ಮಾವ' ಅಂತ ನನ್ನ ಮುಖ ನೋಡಿದಳು. ನಾನು ದೇವರ ಹೆಸರು ಹೇಳ್ಕೊಂಡು ಅವಳ ಪಕ್ಕ ಕೂತೆ. ಅನ್ನ ನೀರು ಬಿಟ್ಟು ಆ ಪರದೆ ಮುಂದೆ ಕೂತವಳು, ಹಾಗೇ ಸೊರಗಿ ಸೊರಗಿ ಹೊರಟುಹೋದಳು."

ತಾತ ಕತ್ತಲಾದ ಪರದೆಯ ಕಡೆ ಬೆರಳು ತೋರಿದರು.

"ನೀವು ಬಂದೋರಿಗೆಲ್ಲ ತೋರಿಸ್ತೀರಲ್ಲ, ಆ ಬಾಗಿಲಿಲ್ಲದ ಮಂದಿರ... ಅದೇ ಇದು. ಗೋಡೆಯ ಒಳಮೈಗೆ ಒಂದು ದಪ್ಪ ಅಂಗೈ ಇದೆ, ಅದು ಆಗಿಂದ ಇದ್ದದ್ದು. ಅವಳು ಹೋದ ಮೇಲೆ ಹೊರಮೈಗೂ ಒಂದು ಕಾಣ್ತಾ ಇದೆ, ಚಿಕ್ಕದು, ಸರಿಯಾಗಿ ಅದರ ಎದುರಿಗೆ... ನಿನ್ನೆ ತಾನೇ ನೋಡಿದೆ ಮಕ್ಕಳೇ. ಇಬ್ಬರೂ ಇನ್ನೂ ಒತ್ತುತ್ತಲೇ ಇದ್ದಾರೆ..."