ಗಂಡನ ಮೆಸೇಜು ಅಳಿಸಿದ ಅಡ್ಮಿನ್

ಕೊಂಡಾಪುರದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಗೆಳತಿಯರು ಜಗಳವಾಡುತ್ತಿದ್ದರು.

“ದಾನೇಶ್ವರಿ, ನೀ ನಮ್ಮ ಓಣಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಅಂತ ನನ್ನ ರೊಟ್ಟಿ ಮಾರೋ ಮೆಸೇಜ್ ಹೇಳದ ಕೇಳದ ಅಳಿಸಿದಿ. ಅದಕ್ಕ ನಾ ಗ್ರೂಪ್ ಬಿಟ್ಟೆ.”

“ತಪ್ಪಾತು ಶಿವಗಂಗಾ. ಈಗ ಎಲ್ಲಾರ ಮುಂದ ಕಾರಣ ಬರದು ಅಳಸ್ತೀನಿ. ‘ಇಲ್ಲಿ ವ್ಯಾಪಾರ ಬ್ಯಾಡ’ ಅಂತ ಬರದು ನಿನ್ನೆ ನಮ್ಮನಿಯವರ ಪ್ಲಾಟಿನ ಜಾಹೀರಾತೂ ತಗದೆ.”

“ಗಂಡಂದಾ! ಏನಂದ್ರು?”

“ಎದುರಿಗೇ ಕುಂತು ಚಹಾ ಕುಡ್ಯಾಕತ್ತಿದ್ರು. ಕುಂತಲ್ಲೇ ಫೋನ್ ತಗೊಂಡು ಗ್ರೂಪಿನ್ಯಾಗ ‘ಮಾನ್ಯ ಅಡ್ಮಿನ್‌ರೇ, ದಯವಿಟ್ಟು ಮರುಪರಿಶೀಲಿಸಿ’ ಅಂತ ಹಾಕಿದ್ರು.”

“ನೀ?”

“‘ಮನವಿ ತಿರಸ್ಕರಿಸಲಾಗಿದೆ’ ಅಂತ ಅಲ್ಲೇ ಬರದೆ. ಆಮ್ಯಾಲ ಇನ್ನೊಂದು ಕಪ್ ಚಹಾ ಕೊಟ್ಟೆ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಸ್ಸು ಬಂತು. ಹತ್ತುತ್ತಾ ಶಿವಗಂಗಾ ಅಂದಳು:

“ನನ್ನ ಮತ್ತ ಗ್ರೂಪಿಗೆ ಸೇರಸು. ರೊಟ್ಟಿ ಮೆಸೇಜ್ ಹಾಕ್ತೀನಿ, ಕಾರಣ ಬರದು ಅಳಸು!”